ಸರಂದೀಪದ ರಹದಾರಿ

ಬಳ್ಳಾರಿಗೆ ಪ್ಲೇಗು ಬಂದ ವರ್ಷವೇ ಕುರುಗೋಡಿನ ಪಿಂಜಾರರ ರೋಷನಬಿ ಸರಂದೀಪಕ್ಕೆ ಹೊರಟು ನಿಂತಳು. ಊರಿನವರು ಮೊದಲು ನಕ್ಕರು, ಆಮೇಲೆ ಗಾಬರಿಯಾದರು. ಪಕ್ಕದ ಹಳ್ಳಿಯ ನೆಂಟರ ಮನೆಗೆ ಹೋಗುವುದಕ್ಕೂ ಜನ ಹಿಂದೆ ಮುಂದೆ ನೋಡುತ್ತಿದ್ದ ಕಾಲ ಅದು. ಅಂಥದ್ದರಲ್ಲಿ, ಹತ್ತಿ ಹಿಂಜಿ ಹಾಸಿಗೆ ತುಂಬಿಕೊಡುತ್ತಲೇ ಕೂದಲು ಬೆಳ್ಳಗಾದವಳೊಬ್ಬಳು, ರೈಲನ್ನು ದೂರದಿಂದಷ್ಟೇ ನೋಡಿದವಳು, ಕಡಲು ದಾಟುತ್ತೇನೆ ಅಂದರೆ ನಂಬುವವರು ಯಾರು?

ಸರಂದೀಪವೆಂದರೆ ಲಂಕೆ. ಸರ್ಕಾರದವರು ಅದನ್ನು ಸಿಲೋನು ಅನ್ನುತ್ತಿದ್ದರು. ರೋಷನಬಿಯ ತವರು ತೆಕ್ಕಲಕೋಟೆ. ಅವಳು ಇನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಿ ಫಕೀರನೊಬ್ಬ ಅವಳ ಅಪ್ಪನ ಮನೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಾ ತಾನು ಕಂಡುಬಂದ ಸೀಮೆಗಳ ಮಾತಾಡಿದ್ದ. ಸ್ವರ್ಗದಿಂದ ಇಳಿದ ಬಾಬಾ ಆದಮರು ಭೂಮಿಯ ಮೇಲೆ ಮೊದಲು ಕಾಲಿಟ್ಟದ್ದು ಸರಂದೀಪದ ಒಂದು ಬೆಟ್ಟದ ನೆತ್ತಿಯಲ್ಲಿ, ಆ ಪಾದದ ಗುರುತು ಬಂಡೆಯಲ್ಲಿ ಇವತ್ತಿಗೂ ಇದೆ ಅಂದಿದ್ದ. ಕೇಳಿದವರೆಲ್ಲ ತಲೆದೂಗಿ ತಮ್ಮ ಕೆಲಸಕ್ಕೆ ಎದ್ದು ಹೋದರು. ರೋಷನಬಿ ಮಾತ್ರ ಆ ಸಂಜೆ ಎರೆಹೊಲದ ಹಸಿಮಣ್ಣಿನಲ್ಲಿ ಒಂದು ಹೆಜ್ಜೆ ಇಟ್ಟಳು, ಹಿಂದಕ್ಕೆ ತಿರುಗಿ ಅದನ್ನು ನೋಡಿದಳು. ಇದಕ್ಕಿಂತ ಮೊದಲು ಭೂಮಿಯ ಮೇಲೆ ಒಂದು ಹೆಜ್ಜೆಯೂ ಇಲ್ಲದ ದಿನ ಒಂದು ಇತ್ತಲ್ಲ ಎಂದು ಯೋಚಿಸಿ ಅವಳ ಮೈ ಜುಮ್ಮೆಂದಿತು.

ಮುಂದೆ ಕುರುಗೋಡಿನ ಪೀರಸಾಬನ ಜತೆ ಮದುವೆಯಾಯಿತು. ಒಬ್ಬಳೇ ಮಗಳು ಮದಾರಬೀ, ಅವಳನ್ನು ಸಿರುಗುಪ್ಪಕ್ಕೆ ಕೊಟ್ಟದ್ದಾಯಿತು. ಸರಂದೀಪಕ್ಕೆ ಒಮ್ಮೆ ಹೋಗಿಬರೋಣ ಎಂದು ರೋಷನಬಿ ಅಂದಾಗಲೆಲ್ಲ ಗಂಡ ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದ. ಹಾಗೆ ಅನ್ನುತ್ತಲೇ ಒಂದು ದಿನ ಅವನೂ ಮಣ್ಣಿಗೆ ಸೇರಿದ. ಆಮೇಲೆ ಗಡ್ಡೆಬ್ಯಾನಿ, ಅಂದರೆ ಪ್ಲೇಗು, ಬಂತು. ಬಳ್ಳಾರಿಯಲ್ಲಿ ಬೆಳಿಗ್ಗೆ ಮಾತಾಡಿಸಿದವರು ಮರುದಿನ ಇಲ್ಲ ಎಂಬ ಸುದ್ದಿ ದಿನವೂ ಕುರುಗೋಡಿಗೆ ಬರತೊಡಗಿತು. ಬಳ್ಳಾರಿಯವಳೊಬ್ಬಳು ಮೊಮ್ಮಗನ ತೊಟ್ಟಿಲಿಗೆ ಮೆತ್ತೆ ಹೇಳಿಹೋಗಿದ್ದಳು. ಅದನ್ನು ಒಯ್ಯುವುದಕ್ಕೆ ಯಾರೂ ಬರಲಿಲ್ಲ. ಆ ಮೆತ್ತೆಯನ್ನು ತೊಡೆಯ ಮೇಲಿಟ್ಟುಕೊಂಡು ರೋಷನಬಿ ಬಹಳ ಹೊತ್ತು ಕೂತಿದ್ದಳು. ಎದ್ದಾಗ, ಇನ್ನು ಮುಂದಿನ ವರ್ಷ ಅನ್ನುವುದಿಲ್ಲ ಎಂದು ಗಟ್ಟಿಮಾಡಿಕೊಂಡಿದ್ದಳು.

ಆದರೆ ಹೊರಡಬೇಕು ಅಂದವರೆಲ್ಲ ಹೊರಡುವಂತಿರಲಿಲ್ಲ. ಪ್ಲೇಗಿನ ಸೀಮೆಯಿಂದ ರೈಲು ಹತ್ತುವವರು ರಹದಾರಿ ಪಡೆಯಬೇಕು. ಲಂಕೆಗಾದರೆ ಆ ದ್ವೀಪದವರೂ ಒಪ್ಪಬೇಕು. ಕಡಲಿನ ನಡುವಿನ ನಾಡು, ಬ್ಯಾನಿ ಒಮ್ಮೆ ಒಳಗೆ ಹೊಕ್ಕರೆ ಓಡಿಹೋಗುವುದಕ್ಕೆ ಜಾಗವಿಲ್ಲವೆಂದು ಅವರು ಬಾಗಿಲು ಬಿಗಿಮಾಡಿಕೊಂಡಿದ್ದರು. ಕುರುಗೋಡಿನ ಗೌಡ ಕೊಟ್ಟೂರಪ್ಪ, ನಮ್ಮೂರಲ್ಲಿ ಬ್ಯಾನಿ ಇಲ್ಲ ಎಂದು ಚೀಟಿ ಬರೆದುಕೊಟ್ಟ. ರೋಷನಬಿ ಅದನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಬಳ್ಳಾರಿಯ ದಾರಿ ಹಿಡಿದಳು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವಳ ತಮ್ಮ ಉಸ್ಮಾನಸಾಬ್ ಇದ್ದ. ಅವನದೂ ಹತ್ತಿ ಹಿಂಜುವ ಕೆಲಸವೇ. ಹೆಂಡತಿ ಸತ್ತಮೇಲೆ ಒಬ್ಬಂಟಿಯಾಗಿದ್ದವನು, ಅಕ್ಕ ಹೇಳಿಕಳಿಸಿದ ಕೂಡಲೇ ತಾನೂ ಬರುತ್ತೇನೆ ಅಂದಿದ್ದ. ಬ್ಯಾನಿಗೆ ಹೆದರಿ ಊರ ಹೊರಗೆ ಹಾಕಿಕೊಂಡಿದ್ದ ಗುಡಿಸಲಿನಿಂದ ಬಂದು ಅವನು ಅಕ್ಕನನ್ನು ಎದುರುಗೊಂಡ. ತನ್ನ ಹತ್ತಿ ಹಿಂಜುವ ಬಿಲ್ಲು ತರಬೇಕಾಗಿತ್ತು ಎಂದು ಅವಳನ್ನು ಪೇಟೆಯೊಳಗಿಂದ ಕರೆದುಕೊಂಡು ಹೋದ.

ಅಂಥ ಬಳ್ಳಾರಿಯನ್ನು ರೋಷನಬಿ ಕಂಡಿರಲಿಲ್ಲ. ಬಾಗಿಲುಗಳೆಲ್ಲ ತೆರೆದಿದ್ದವು, ಒಳಗೆ ಯಾರೂ ಇರಲಿಲ್ಲ. ಗಾಡಿಗಳ ಗದ್ದಲವಿಲ್ಲದ ಬೀದಿಯಲ್ಲಿ ಗಿಳಿಗಳು ನೆಲಕ್ಕಿಳಿದು ಚೆಲ್ಲಿದ ಜೋಳ ಆರಿಸುತ್ತಿದ್ದವು. ಎಲ್ಲೆಲ್ಲೂ ಸುಣ್ಣದ ಘಾಟು. ಬಿಸಿಲು ಬಿದ್ದರೆ ಬ್ಯಾನಿಯ ವಿಷ ಸಾಯುತ್ತದೆಂದು ಸರ್ಕಾರದವರು ಮಾಳಿಗೆಗಳಿಗೆಲ್ಲ ತೂತು ಕೊರೆಸಿದ್ದರು. ಉಸ್ಮಾನನ ಮನೆಯ ಒಳಗೂ ಮಾಳಿಗೆಯಿಂದ ನೆಲದವರೆಗೆ ಬಿಸಿಲಿನ ಕಂಬ ನಿಂತಿತ್ತು. ಗೋಡೆಗೆ ತೂಗುಹಾಕಿದ್ದ ಬಿಲ್ಲಿನ ಮೇಲೆ, ಒಲೆಯ ಮೇಲೆ, ಸತ್ತ ನಾದಿನಿಯ ಬಳೆಯ ಪೆಟ್ಟಿಗೆಯ ಮೇಲೆ, ಮನೆ ಕಟ್ಟಿದಾಗಿನಿಂದ ಕತ್ತಲೆಯಲ್ಲಿದ್ದ ಮೂಲೆಗಳಲ್ಲೆಲ್ಲ ಬೆಳಕು ಬಿದ್ದಿತ್ತು. ರೋಷನಬಿ ಹೊಸ್ತಿಲಲ್ಲೇ ನಿಂತಳು. ಹೆದರಿಕೆಯೋ ಬೆರಗೋ ಅವಳಿಗೇ ತಿಳಿಯಲಿಲ್ಲ.

ರಹದಾರಿಯ ಕಚೇರಿ ಮೈದಾನದ ಒಂದು ಡೇರೆಯಲ್ಲಿತ್ತು. ಗುಮಾಸ್ತ ವಾಸುದೇವರಾಯರು ದಣಿದ ಮುಖದ ಮಧ್ಯವಯಸ್ಸಿನವರು. ಲಂಕೆಗೆ ಎಂದು ಕೇಳಿ ತಲೆ ಎತ್ತಿದರು.

“ಕೂಲಿಗೆ ಹೊಂಟೀಯೇನವಾ?”

“ಇಲ್ರಿ ರಾಯರ.”

“ವ್ಯಾಪಾರಕ್ಕ?”

“ಅಲ್ರಿ.”

“ಅಲ್ಲಿ ನಿನ್ನ ಮಂದಿ ಯಾರರ ಅದಾರೇನು?”

“ಯಾರೂ ಇಲ್ರಿ. ನೋಡಾಕ ಹೊಂಟೀನ್ರಿ. ಬಾಬಾ ಆದಮರ ಪಾದ ಐತಂತ ಅಲ್ಲಿ.”

ರಾಯರು ಲೇಖಣಿ ಕೆಳಗಿಟ್ಟರು. ಕೂಲಿಗೆ ಹೋಗುವವರನ್ನು ಚಹಾ ತೋಟದವರು ಕರೆಸಿಕೊಳ್ಳುತ್ತಾರೆ, ವ್ಯಾಪಾರಿಗಳಿಗೆ ಅಂಗಡಿಯವರು ಹೊಣೆ ನಿಲ್ಲುತ್ತಾರೆ. ನೋಡುವುದಕ್ಕೆ ಹೋಗುವವರಿಗೆ ಹೊಣೆ ಯಾರು? ಪಕ್ಕದ ಡೇರೆಯಲ್ಲಿದ್ದ ಬಿಳಿಯ ದೊರೆ ಡಾಕ್ಟರನ್ನು ಕೇಳಿಬಂದರು. ಅವನೂ ಅದನ್ನೇ ಹೇಳಿದನಂತೆ: ಆ ದ್ವೀಪದಲ್ಲಿ ಯಾರಾದರೂ ಇವಳನ್ನು ನಮ್ಮವಳೆಂದು ಬರಮಾಡಿಕೊಂಡರೆ ಸರಿ, ಇಲ್ಲವಾದರೆ ಆಗುವುದಿಲ್ಲ. ಕಡಲಾಚೆಗೆ ತನ್ನ ಹೆಸರು ಬಲ್ಲ ಒಂದು ಜೀವವೂ ಇಲ್ಲವಲ್ಲ ಎಂದುಕೊಳ್ಳುತ್ತಾ ರೋಷನಬಿ ತಮ್ಮನ ಗುಡಿಸಲಿಗೆ ಹಿಂತಿರುಗಿದಳು.

ಊರು ಬಿಟ್ಟವರೆಲ್ಲ ಅಲ್ಲೇ ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಪಿಂಜಾರರ ಸಾಲಿಗೂ ಬ್ರಾಹ್ಮಣರ ಸಾಲಿಗೂ ನಡುವೆ ಜಾಲಿಮುಳ್ಳಿನ ಬೇಲಿ. ರೋಷನಬಿಗೆ ಕೈಕಟ್ಟಿ ಕೂತು ಅಭ್ಯಾಸವಿಲ್ಲ. ತಮ್ಮನ ಬಿಲ್ಲನ್ನು ಹೆಗಲಿಗೇರಿಸಿ ಹತ್ತಿ ಹಿಂಜುತ್ತಾ ಕೂತಳು. ಬಿಲ್ಲಿನ ನರ ಝೇಂಕರಿಸುತ್ತಿತ್ತು, ಹತ್ತಿ ಹೊಗೆಯ ಹಾಗೆ ಏಳುತ್ತಿತ್ತು. ಬೇಲಿಯಾಚೆ ಕೆಂಪು ಸೀರೆಯ ಮುದುಕಿಯೊಬ್ಬರು ಬಂದು ನಿಂತರು. ದೇವರ ದೀಪಕ್ಕೆ ಬತ್ತಿ ಹೊಸೆಯಲು ಶುದ್ಧವಾದ ಹತ್ತಿ ಸಿಗುತ್ತಿಲ್ಲ, ಒಂದು ಹಿಡಿ ಕೊಡುತ್ತೀಯಾ ಎಂದು ಕೇಳಿದರು. ವಾಸುದೇವರಾಯರ ತಾಯಿ ಗಂಗಾಬಾಯಿ ಅವರು. ರೋಷನಬಿ ಎಲ್ಲಕ್ಕಿಂತ ಬೆಳ್ಳಗಿನ ಹತ್ತಿಯನ್ನು ಆರಿಸಿ ಬೇಲಿಯ ಮೇಲಿಟ್ಟಳು. ಮಾತಿಗೆ ಮಾತು ಬೆಳೆಯಿತು. ತನ್ನ ಸಂಗತಿಯನ್ನೆಲ್ಲ ಹೇಳಿಕೊಂಡಳು.

ಲಂಕೆಯ ಹೆಸರು ಕೇಳಿದ್ದೇ ಬತ್ತಿ ಹೊಸೆಯುತ್ತಿದ್ದ ಗಂಗಾಬಾಯಿಯವರ ಕೈ ನಿಂತುಬಿಟ್ಟಿತು. ಆ ಹೆಸರನ್ನು ಪುರಾಣದಲ್ಲಿ ಎಷ್ಟು ಸಲ ಕೇಳಿದ್ದರೋ. ಅಲ್ಲಿಗೆ ರೈಲೂ ಹಡಗೂ ಹೋಗುತ್ತವೆ, ಅಲ್ಲಿ ಕಚೇರಿಗಳಿವೆ, ಅಲ್ಲಿನವರು ರಹದಾರಿ ಕೇಳುತ್ತಾರೆ ಎಂಬುದು ಅವರ ಎಣಿಕೆಗೇ ಬಂದಿರಲಿಲ್ಲ.

“ಸೀತಮ್ಮನವರು ಕೂತ ನೆಲ ಅದು,” ಅಂದರು ಸಣ್ಣ ದನಿಯಲ್ಲಿ. “ನೀ ಅದರ ಮ್ಯಾಲೆ ನಡೀತೀಯಾ?”

“ಬಿಟ್ರ ನಡೀತೀನ್ರಿ ಅವ್ವಾರ. ಹೊಣಿ ನಿಲ್ಲವ್ರು ಯಾರೂ ಇಲ್ರಿ.”

ಅವತ್ತು ಮಗ ಊಟಕ್ಕೆ ಬಂದಾಗ ತಾಯಿ ಒಂದೇ ಪ್ರಶ್ನೆ ಕೇಳಿದರಂತೆ: ಆ ಊರಲ್ಲಿ ಮಸೀದಿ ಇಲ್ಲವೇ? ಮರುದಿನ ರಾಯರು ಕೊಲಂಬೊ ಬಂದರಿನ ಮಸೀದಿಯ ಹಿರಿಯರಿಗೆ ಒಂದು ತಂತಿ ಕಳಿಸಿದರು. ಬಳ್ಳಾರಿ ಸೀಮೆಯ ವಿಧವೆಯೊಬ್ಬಳು ತಮ್ಮನೊಡನೆ ಆದಮರ ಪಾದ ನೋಡಲು ಬರಬೇಕೆಂದಿದ್ದಾಳೆ, ಹೊಣೆ ನಿಲ್ಲುವಿರಾ ಎಂದು. ಇಂಥ ತಂತಿಗೆ ಉತ್ತರ ಬಂದೀತೆಂದು ಅವರಿಗೂ ನಂಬಿಕೆಯಿರಲಿಲ್ಲ.

ಉತ್ತರ ಬರುವ ಹೊತ್ತಿಗೆ ರೋಷನಬಿ ಬಳ್ಳಾರಿ ಸ್ಟೇಷನ್ನಿನ ತಂತಿಮನೆಯ ಕಿಟಕಿಗೆ ಆತುಕೊಂಡು ನಿಂತಿದ್ದಳು. ಒಳಗೆ ಹಿತ್ತಾಳೆಯ ಸಣ್ಣ ಯಂತ್ರವೊಂದು ಟಕಟಕ ಎಂದು ಬಡಿದುಕೊಳ್ಳುತ್ತಿತ್ತು. ತಂತಿಯ ಮಾಸ್ತರರು ಅದನ್ನು ಕೇಳುತ್ತಾ ಬರೆಯುತ್ತಿದ್ದರು. ಕಡಲಿನ ತಳದಲ್ಲಿ ಹಾಸಿದ ತಂತಿಯ ಮೇಲೆ ಮಾತು ಈಚೆ ದಡಕ್ಕೆ ಬರುತ್ತದೆ, ಅಲ್ಲಿಂದ ಮದರಾಸು, ಮದರಾಸಿನಿಂದ ಇಲ್ಲಿಗೆ ಎಂದು ರಾಯರು ತಿಳಿಸಿ ಹೇಳಿದರು. ನರ ಮಿಡಿದರೆ ಹತ್ತಿ ಹಾರುವುದನ್ನು ರೋಷನಬಿ ಜೀವಮಾನವಿಡೀ ನೋಡಿದ್ದಳು. ಒಂದು ದಡದಲ್ಲಿ ಮಿಡಿದದ್ದು ಇನ್ನೊಂದು ದಡದಲ್ಲಿ ಮಾತಾಗುವುದನ್ನು ಈಗ ಕೇಳುತ್ತಿದ್ದಳು. ಮೀನುಗಳ ಕೆಳಗೆ, ನೀರಿನ ಕತ್ತಲೆಯಲ್ಲಿ ತನ್ನ ಹೆಸರು ಹಾದುಹೋಗಿ ಬಂದಿದೆ ಎಂದುಕೊಳ್ಳುತ್ತಾ ಅವಳು ಕಿಟಕಿಗೆ ಕಿವಿ ಹಚ್ಚಿದಳು.

ಮಾಸ್ತರರು ಬರೆದದ್ದನ್ನು ರಾಯರು ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡದಲ್ಲಿ ಹೇಳಿದರು: “ಪಾದ ನೋಡಾಕ ಬರೋರು ನಮ್ಮ ಮನಿ ಮಂದಿ. ಇಬ್ರಿಗೂ ನಾವ ಹೊಣಿ. ಕಳಸ್ರಿ.”

ಮುಖ ಕಾಣದ ಜನ, ಮಾತು ತಿಳಿಯದ ಜನ, ಊರೂರೇ ಬಾಗಿಲು ಹಾಕಿಕೊಂಡಿರುವ ಇಂಥ ಹೊತ್ತಿನಲ್ಲಿ ಕಳಿಸಿ ಅಂದಿದ್ದರು. ರೋಷನಬಿ ಕಿಟಕಿಯ ಕಂಬಿಗೆ ಹಣೆ ಇಟ್ಟು ನಿಂತಳು.

ಇನ್ನು ಉಳಿದದ್ದು ಒಂದೇ. ಹೊರಡುವವರನ್ನು ಕೆಲವು ದಿನ ಬೇರೆ ಷೆಡ್ಡಿನಲ್ಲಿಟ್ಟು, ಮೈ ಕಾಯುತ್ತದೆಯೋ, ಕಂಕುಳಲ್ಲಿ ಗಡ್ಡೆ ಏಳುತ್ತದೆಯೋ ನೋಡುತ್ತಿದ್ದರು. ಹೆಂಗಸರಿಗೊಂದು ಷೆಡ್ಡು, ಗಂಡಸರಿಗೊಂದು. ಗಡುವು ಇನ್ನೇನು ತೀರಬೇಕು ಅನ್ನುವಾಗ ಉಸ್ಮಾನನಿಗೆ ಜ್ವರ ಏರಿತು. ಮಧ್ಯಾಹ್ನದ ಹೊತ್ತಿಗೆ ತೊಡೆಸಂದಿಯಲ್ಲಿ ಗಡ್ಡೆ ಕಂಡಿತು. ಅವನನ್ನು ಡೋಲಿಯಲ್ಲಿ ಹಾಕಿಕೊಂಡು ಬೆಟ್ಟದ ಬುಡದ ರೋಗಿಗಳ ಷೆಡ್ಡಿಗೆ ಒಯ್ದರು. ರೋಷನಬಿ ಹಿಂದೆಯೇ ಓಡಿದಳು. ಬಾಗಿಲಲ್ಲಿ ದೊರೆ ಡಾಕ್ಟರು ಕೈ ಅಡ್ಡ ಇಟ್ಟ. ಪಕ್ಕದಲ್ಲಿದ್ದ ರಾಯರು ಅವನ ಮಾತನ್ನು ತಿಳಿಸಿದರು: ನಿನ್ನಲ್ಲಿ ಬ್ಯಾನಿಯ ಗುರುತಿಲ್ಲ, ನಾಳೆ ನಿನಗೆ ರಹದಾರಿ ಕೈಗೆ ಬರುತ್ತದೆ, ಈ ಹೊಸ್ತಿಲು ದಾಟಿದರೆ ಅದು ಹೋಯಿತು. ಪ್ರಾಣವೂ ಹೋದೀತು.

ರೋಷನಬಿ ತಂತಿಯ ಕಾಗದವನ್ನು ಸೆರಗಿನಿಂದ ಬಿಚ್ಚಿ ರಾಯರ ಕೈಯಲ್ಲಿಟ್ಟಳು. “ಇದನ್ನ ಇಟಗೊಂಡಿರ್ರಿ,” ಅಂದು ಡಾಕ್ಟರ ತೋಳಿನ ಕೆಳಗೆ ಬಗ್ಗಿ ಒಳಗೆ ಹೋದಳು.

ಒಳಗಿನ ಆ ದಿನಗಳ ಬಗ್ಗೆ ಅವಳು ಮುಂದೆ ಯಾರ ಹತ್ತಿರವೂ ಹೆಚ್ಚು ಹೇಳಲಿಲ್ಲ. ಸಾಲು ಮಂಚಗಳಲ್ಲಿ ಬೆಳಿಗ್ಗೆ ಇದ್ದವರು ಸಂಜೆ ಇರುತ್ತಿರಲಿಲ್ಲ. ಉಸ್ಮಾನ ಮೈಮೇಲೆ ಎಚ್ಚರವಿಲ್ಲದೆ ಸತ್ತ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದ. ರೋಷನಬಿ ಒದ್ದೆ ಬಟ್ಟೆ ಹಾಕುತ್ತಾ, ಗಂಜಿಯ ತಿಳಿ ಹನಿಸುತ್ತಾ, ಪಕ್ಕದ ಮಂಚದವರಿಗೂ ನೀರು ಕುಡಿಸುತ್ತಾ ಇದ್ದುಬಿಟ್ಟಳು. ಅವಳಿಗೆ ಬ್ಯಾನಿ ತಾಕಲಿಲ್ಲ. ಯಾಕೆ ತಾಕಲಿಲ್ಲವೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಗಡ್ಡೆ ಒಡೆಯಿತು, ಜ್ವರ ಇಳಿಯಿತು. ಉಸ್ಮಾನ ಕಣ್ಣು ಬಿಟ್ಟು ಸೂರು ನೋಡಿದ, ಅಕ್ಕನ ಮುಖ ನೋಡಿದ, ಹಸಿವು ಅಂದ. ಸಾವು ಇಷ್ಟು ಹತ್ತಿರ ಕೂತಿದ್ದು ಎದ್ದು ಹೋದದ್ದನ್ನು ಕಂಡು ರೋಷನಬಿ ಅಳುವುದನ್ನೂ ಮರೆತಳು.

ಸರಂದೀಪದ ಬೆಟ್ಟವನ್ನು ಮಳೆ ಹಿಡಿಯುವ ಮೊದಲೇ ಹತ್ತಬೇಕಂತೆ, ಆ ವರ್ಷದ ಕಾಲ ಅಲ್ಲಿಗೆ ಕಳೆದುಹೋಯಿತು. ಹೊರಗೆ ಬಂದ ದಿನ ಡಾಕ್ಟರು ಅವಳನ್ನು ಕರೆದು, ಬ್ಯಾನಿಯಿಲ್ಲದ ಊರಿನಲ್ಲಿ ಮಳೆಗಾಲ ಕಳೆಯಿರಿ, ಆಮೇಲೆ ಬಂದರೆ ರಹದಾರಿಗೆ ತಾನೇ ರುಜು ಹಾಕುತ್ತೇನೆ ಎಂದು ಹೇಳಿಸಿದ. ಇಬ್ಬರೂ ಸಿರುಗುಪ್ಪಕ್ಕೆ ಹೋದರು. ಮದಾರಬೀಯ ಮನೆ ತುಂಗಭದ್ರೆಯ ಕಾಲುವೆಯ ದಂಡೆಯಲ್ಲಿತ್ತು. ಉಸ್ಮಾನ ಮೊದಲು ಹೊರಸಿನ ಮೇಲೆ, ಆಮೇಲೆ ಕಟ್ಟೆಯ ಮೇಲೆ, ಆಮೇಲೆ ಗದ್ದೆಯ ಬದುವಿನ ಮೇಲೆ ಕೂರುವಂತಾದ. ಅಮ್ಮ ಈಗಲಾದರೂ ಆ ಹುಚ್ಚು ಬಿಟ್ಟಾಳೆಂದು ಮದಾರಬೀ ಕಾದಳು. ಭತ್ತ ತೆನೆಗಟ್ಟಿದಾಗ ರೋಷನಬಿ ಬುತ್ತಿಯ ಬಟ್ಟೆ ಒಗೆದು ಒಣಹಾಕಿದ್ದನ್ನು ಕಂಡು ಮಗಳು ತಾನೇ ರೊಟ್ಟಿ ಬಡಿದು ಕಟ್ಟಿಕೊಟ್ಟಳು.

ಡಾಕ್ಟರು ಆಡಿದ ಮಾತು ತಪ್ಪಲಿಲ್ಲ. ರಾಯರು ತಂತಿಯ ಕಾಗದವನ್ನು ಹಾಗೆಯೇ ಜೋಪಾನ ಮಾಡಿದ್ದರು. ರಹದಾರಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಏನು ಬರೆದಿರಿ ಎಂದು ರೋಷನಬಿ ಕೇಳಿದಳು. “ನೀ ಹೇಳಿದ್ದನ್ನ ಬರದೀನಿ,” ಅಂದರು ರಾಯರು. “ನೋಡಾಕ.”

ಗುಂತಕಲ್ಲು, ಮದರಾಸು, ಮಧುರೆ, ರೈಲಿನ ಮೇಲೆ ರೈಲು. ನಿಲ್ದಾಣ ನಿಲ್ದಾಣದಲ್ಲೂ ಕಂಕುಳು ಮುಟ್ಟಿ ನೋಡುವವರು. ತೂತುಕುಡಿಯ ಶಿಬಿರದಲ್ಲಿ ಇನ್ನೊಮ್ಮೆ ಕಾಯಿಸಿದರು. ಅಲ್ಲಿ ರೋಷನಬಿ ಕಡಲನ್ನು ಕಂಡಳು. ಮಳೆಗಾಲದ ತುಂಗಭದ್ರೆ ಎಷ್ಟು ತುಂಬಿ ಹರಿದರೂ ಆಚೆ ದಂಡೆಯಲ್ಲಿ ಮರಗಳಿರುತ್ತವೆ, ದನಗಳಿರುತ್ತವೆ. ಇಲ್ಲಿ ಅವಳು ಆಚೆ ದಂಡೆಯನ್ನು ಹುಡುಕುತ್ತಾ ನಿಂತಳು. ಇಲ್ಲವೆಂದು ಗೊತ್ತಾದ ಮೇಲೂ ಹುಡುಕುವುದನ್ನು ಬಿಡಲಾಗಲಿಲ್ಲ.

ಹಡಗು ಇಳಿದಾಗ ಕೊಲಂಬೊದ ದಕ್ಕೆಯಲ್ಲಿ ಮಸೀದಿಯ ಬಿಳಿಗಡ್ಡದ ಹಿರಿಯರೊಬ್ಬರು ಕಾಯುತ್ತಿದ್ದರು. ಅವರದು ತಮಿಳು, ಇವರದು ಕನ್ನಡ. ಉಸ್ಮಾನನ ಮುರುಕು ತೆಲುಗು, ಹಿರಿಯರ ಮುರುಕು ಉರ್ದು ನಡುವೆ ಹೇಗೋ ಸಂಧಿಸಿದವು. ಹಿರಿಯರು ರೋಷನಬಿಯ ಮುಂದೆ ಎಳನೀರು ಇಟ್ಟು, ಹೋದ ವರ್ಷದಿಂದ ದಾರಿ ನೋಡುತ್ತಿದ್ದೇವೆ ಅಂದರು. ಅವರ ಮನೆಯಲ್ಲಿ ಇವರಿಗೆಂದು ತೆಗೆದಿಟ್ಟಿದ್ದ ಚಾಪೆ ಸುರುಳಿ ಬಿಚ್ಚದೆ ಹಾಗೇ ಇತ್ತು.

ಬೆಟ್ಟದ ಸೀಮೆಯಲ್ಲಿ ರೋಷನಬಿ ಮಾತು ಕಡಿಮೆ ಮಾಡಿದಳು. ಬಳ್ಳಾರಿಯ ಕಡೆ ಹಸಿರೆಂದರೆ ನೀರು ಕಂಡಲ್ಲಿ ಮಾತ್ರ. ಇಲ್ಲಿ ಬಂಡೆಯ ಮೇಲೆ ಹಸಿರು, ಗೋಡೆಯ ಮೇಲೆ ಹಸಿರು, ಸತ್ತು ಬಿದ್ದ ಮರದ ಮೇಲೂ ಹಸಿರು. ಎಷ್ಟು ನಡೆದರೂ ಬರಿಯ ನೆಲ ಕಾಣದು. ದಾರಿಯಲ್ಲಿ ಬೋಳುತಲೆಯ ಭಿಕ್ಷುಗಳು, ಚಹಾ ತೋಟದ ತಮಿಳರು, ಬಿಳಿ ಸೀರೆಯ ಸಿಂಹಳದ ಮುದುಕಿಯರು, ಎಲ್ಲರೂ ಅದೇ ಬೆಟ್ಟಕ್ಕೆ ಹೊರಟವರು. ಬುದ್ಧನ ಪಾದ ಎಂದು ಕೆಲವರು, ಶಿವನ ಪಾದ ಎಂದು ಕೆಲವರು. ಕಡಿದಾದ ಬಂಡೆಗೆ ಕಬ್ಬಿಣದ ಸರಪಳಿ ಇಳಿಬಿಟ್ಟಿದ್ದ ಜಾಗದಲ್ಲಿ ಯಾರು ಯಾರ ಕೈ ಹಿಡಿದರೆಂದು ಯಾರೂ ನೋಡಲಿಲ್ಲ. ಉಸ್ಮಾನ ಕುಂಟುತ್ತಿದ್ದ, ಒಬ್ಬ ಭಿಕ್ಷು ಅವನ ಗಂಟನ್ನು ತನ್ನ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ.

ನೆತ್ತಿ ತಲುಪಿದಾಗ ಇನ್ನೂ ಮಬ್ಬು. ಸಣ್ಣ ಮಂಟಪದ ಕೆಳಗೆ ಪಾದವಿತ್ತು. ರೋಷನಬಿ ಮೊಣಕಾಲೂರಿ ನೋಡಿದಳು. ತನ್ನ ಹೆಜ್ಜೆಯಂಥದ್ದನ್ನೇ ಅವಳು ಇಷ್ಟು ಕಾಲ ನೆನೆದುಕೊಂಡಿದ್ದಳು. ಇದು ಮನುಷ್ಯನೊಬ್ಬ ಮಲಗಬಹುದಾದಷ್ಟು ದೊಡ್ಡದಿತ್ತು. ಅಂಚಿಗೆ ಅಂಗೈ ಇಟ್ಟಳು. ಬಂಡೆ ತಣ್ಣಗಿತ್ತು, ಮಂಜಿನಿಂದ ಒದ್ದೆಯಾಗಿತ್ತು. ಹೇಳಿಕೊಳ್ಳಬೇಕೆಂದಿದ್ದದ್ದು ಯಾವುದೂ ನೆನಪಿಗೆ ಬರಲಿಲ್ಲ. ಪಕ್ಕದವರಿಗೆ ಜಾಗ ಬಿಟ್ಟು ಎದ್ದಳು.

ಮೂಡಣದಲ್ಲಿ ಸೂರ್ಯ ಎದ್ದ. ಜನರೆಲ್ಲ ಕೈಮುಗಿದರು. ಆಗ ಮುದುಕಿಯೊಬ್ಬಳು ರೋಷನಬಿಯ ತೋಳು ಹಿಡಿದು ಪಡುವಣಕ್ಕೆ ತಿರುಗಿಸಿದಳು.

ಕೆಳಗೆ ಕಾಡಿನ ಮೇಲೆಲ್ಲ ಮೋಡ, ಹಿಂಜಿ ಹರಡಿದ ಹತ್ತಿಯಂತೆ. ಅದರ ಮೇಲೆ ಬೆಟ್ಟದ ನೆರಳು ಬಿದ್ದಿತ್ತು. ಬಿದ್ದಿತ್ತು ಅನ್ನುವಂತೆಯೂ ಇರಲಿಲ್ಲ. ನೀಲಿಯ ದೊಡ್ಡ ಗೋಪುರವೊಂದು ಮೋಡದಿಂದ ಎದ್ದು ಆಕಾಶದಲ್ಲಿ ನಿಂತಂತಿತ್ತು. ಅಂಚು ಗೀರಿದಷ್ಟು ನೇರ, ತುದಿ ಚೂಪು. ಫಕೀರ ಇದರ ಮಾತೇ ಎತ್ತಿರಲಿಲ್ಲ. ಯಾರೂ ಎತ್ತಿರಲಿಲ್ಲ. ಇಷ್ಟು ದೊಡ್ಡದೊಂದು ಸದ್ದಿಲ್ಲದೆ ದಿನವೂ ಎದ್ದು, ನೋಡುವವರಿದ್ದರೂ ಇಲ್ಲದಿದ್ದರೂ ಕರಗಿಹೋಗುತ್ತದೆಯೇ? ಆದಮರು ಒಬ್ಬರೇ ನಿಂತ ಆ ಮೊದಲ ಬೆಳಿಗ್ಗೆಯೂ ಇದು ಹೀಗೇ ಎದ್ದಿರಬೇಕು.

ಉಸ್ಮಾನ ಅವಳ ಪಕ್ಕಕ್ಕೆ ಬಂದು ನಿಂತಿದ್ದ. “ಅಕ್ಕ, ಅದರ ತುದಿಯಾಗ ನಾವ ಅದೀವಿ,” ಅಂದ.

ಅವಳು ತಲೆಯಾಡಿಸಿದಳು. ಬಿಸಿಲು ಏರಿದಂತೆ ನೆರಳು ಹತ್ತಿರ ಹತ್ತಿರ ಸರಿದು ಬೆಟ್ಟದೊಳಗೇ ಸೇರಿಹೋಯಿತು. ಬಹಳ ಹೊತ್ತಿನವರೆಗೆ ಅವರಿಬ್ಬರೂ ಅಲ್ಲಿಂದ ಕದಲಲಿಲ್ಲ.

ಹಿಂದಕ್ಕೆ ಬರುವಾಗ ದಕ್ಕೆಯ ಅಧಿಕಾರಿ, ಬ್ಯಾನಿಯಿರುವ ಸೀಮೆಗೆ ತಿರುಗಿ ಯಾಕೆ ಹೋಗುತ್ತೀರಿ ಎಂದು ಕೇಳಿದ. ಊರು ಅಲ್ಲಿದೆ ಎಂದಷ್ಟೇ ಉಸ್ಮಾನ ಹೇಳಿದ. ಬಳ್ಳಾರಿಯಲ್ಲಿ ಬ್ಯಾನಿ ಇಳಿದಿತ್ತು. ಜನ ಮಾಳಿಗೆಯ ತೂತು ಮುಚ್ಚಿ ಮನೆಗಳಿಗೆ ತಿರುಗುತ್ತಿದ್ದರು. ಗಂಗಾಬಾಯಿಯವರು ರೋಷನಬಿಯನ್ನು ಜಗಲಿಯ ಮೇಲೆ ಕೂರಿಸಿ ಎಲ್ಲವನ್ನೂ ಕೇಳಿದರು. ಅವರ ಪ್ರಶ್ನೆಗಳೆಲ್ಲ ಸಣ್ಣಸಣ್ಣವು. ಮಣ್ಣು ಯಾವ ಬಣ್ಣ, ಹಕ್ಕಿಗಳು ಹೇಗೆ ಕೂಗುತ್ತವೆ, ನೀರು ಸಿಹಿಯೋ. ಮಣ್ಣು ಕೆಂಪು ಎಂದು ಕೇಳಿ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತರು. ನೆರಳಿನ ಸಂಗತಿಯನ್ನು ಮಾತ್ರ ರೋಷನಬಿಗೆ ಹೇಳಲಾಗಲಿಲ್ಲ. ಎರಡು ಕೈ ಎತ್ತಿ ಬೆರಳ ತುದಿ ಕೂಡಿಸಿ ತೋರಿಸಿದಳು, ಅದು ಹಾಗಿರಲಿಲ್ಲ.

ಆ ಚಳಿಗಾಲ ಮದಾರಬೀ ಕುರುಗೋಡಿಗೆ ಬಂದಿದ್ದಳು. ಒಂದು ನಸುಕಿನಲ್ಲಿ ಅಮ್ಮ ಅವಳನ್ನು ಎಬ್ಬಿಸಿ, ಊರ ಹಿಂದಿನ ಗುಡ್ಡ ಹತ್ತೋಣ ಬಾ ಅಂದಳು. ಹುಟ್ಟಿದಾಗಿನಿಂದ ನೋಡಿದ ಗುಡ್ಡ, ಅಲ್ಲೇನಿದೆ ಎಂದು ಗೊಣಗುತ್ತಲೇ ಮಗಳು ಹಿಂದೆ ಬಂದಳು. ಬಂಡೆಗಳ ಮೇಲೆ ಕೈಯೂರಿ ಇಬ್ಬರೂ ಮೇಲೆ ಮುಟ್ಟುವ ಹೊತ್ತಿಗೆ ಬಿಸಿಲು ಮೂಡಿತು. ರೋಷನಬಿ ಮಗಳ ಭುಜ ಹಿಡಿದು ಪಡುವಣಕ್ಕೆ ತಿರುಗಿಸಿದಳು. ಗುಡ್ಡದ ನೆರಳು ಮನೆಗಳನ್ನು ದಾಟಿ, ಜೋಳದ ಹೊಲಗಳನ್ನು ದಾಟಿ, ಎರೆಭೂಮಿಯ ಮೇಲೆ ದೂರ ದೂರದವರೆಗೆ ಚಾಚಿತ್ತು. ಮದಾರಬೀ ಬಾಯಿ ತೆರೆದು ನೋಡುತ್ತಾ ನಿಂತಳು. ರೋಷನಬಿ ಬಂಡೆಯ ಮೇಲೆ ಕೂತು ಕಾಲಿನ ಮುಳ್ಳು ತೆಗೆದುಕೊಂಡಳು.